ಪರದೇಶದಲ್ಲಿದ್ದು ಸೇವೆ ಬದಲಾಯಿಸುವವರು ಮೊದಲು ಬಿಟ್ಟುಕೊಡುವುದನ್ನು ಕಲಿಯಬೇಕು

ಯೌವನಸ್ಥರ ನಡುವೆ ಕ್ರೈಸ್ತ ಸೇವೆ ಮಾಡಲೆಂದು ಪರದೇಶಕ್ಕೆ ಬಂದವರನ್ನು ಅಲ್ಲಿಯದೇ ಒಂದು ಸಭೆ (ಚರ್ಚ್) ತನ್ನ ಪಾಲಕರಾಗಲು (ಪಾಸ್ಟರ್) ಕರೆಯುತ್ತದೆ. ಸತ್ಯವೇದ ಶಾಲೆಯಲ್ಲಿ ಕಲಿಸುತ್ತಿದ್ದವರಿಗೆ ಆಸ್ಪತ್ರೆಯಲ್ಲಿ ರೋಗಿಗಳ ಆತ್ಮಿಕ ಆರೈಕೆಯ ಕೆಲಸ ಸಿಗುತ್ತದೆ. ಮನೆ ಅದೇ, ದೇಶ ಅದೇ, ಕಷ್ಟಪಟ್ಟು ಕಲಿತ ಭಾಷೆಯೂ ಅದೇ. ಬದಲಾಗುವುದು ಹುದ್ದೆಯ ಹೆಸರು ಮಾತ್ರ ಎಂದುಕೊಳ್ಳುತ್ತಾರೆ. ಎಡವುವುದು ಇಲ್ಲಿಯೇ. ಸ್ವದೇಶದಿಂದ ಹೊಸದಾಗಿ ಹೊರಡುವವರಿಗೆ ತರಬೇತಿಯುಂಟು, ಬೀಳ್ಕೊಡುಗೆಯುಂಟು, ಕೈಗೊಂದು ಪಟ್ಟಿಯೂ ಉಂಟು. ಇದ್ದಲ್ಲಿಂದಲೇ ಇನ್ನೊಂದಕ್ಕೆ ದಾಟುವವರನ್ನು ಕೇಳುವವರಿಲ್ಲ. ಈ ಹಂತಗಳು ಅವರಿಗಾಗಿ.

ಒಂದು: ಕರೆಯನ್ನು ಕಾಗದಕ್ಕೆ ಇಳಿಸಿ

ಯಾರಿಗೆ ಉತ್ತರ ಕೊಡಬೇಕು, ವಾರದ ರಜೆ ಯಾವ ದಿನ, ವಾಸದ ಮನೆ ಯಾರ ಹೆಸರಿನಲ್ಲಿದೆ, ಹಣ ಎಲ್ಲಿಂದ ಬರುತ್ತದೆ, ಮೊದಲ ಪರಿಶೀಲನೆ ಯಾವಾಗ. ಇಷ್ಟನ್ನು ಬರೆಸಿಕೊಳ್ಳಿ. "ನಾವೆಲ್ಲ ಕ್ರಿಸ್ತನಲ್ಲಿ ಸಹೋದರರು, ಕಾಗದವೇಕೆ?" ಎಂದು ಕೇಳುವ ಹಿರಿಯರು ಒಳ್ಳೆಯವರೇ ಇರಬಹುದು, ಆದರೂ ಬರೆಸಿಕೊಳ್ಳಿ. ತಡಮಾಡಿದರೆ ನಷ್ಟವೂ ಆಗುತ್ತದೆ. ಅಮೆರಿಕದಲ್ಲಿ ಪಾಲಕರ ವಸತಿ ಭತ್ಯೆಗೆ ಆದಾಯ ತೆರಿಗೆಯ ವಿನಾಯಿತಿ ಸಿಗಬೇಕಾದರೆ ಸಭೆ ಅದನ್ನು ಮುಂಚಿತವಾಗಿಯೇ ಗೊತ್ತುಪಡಿಸಿರಬೇಕು. ಹಣ ಕೈಸೇರಿದ ಮೇಲೆ ಹಿಂದಿನ ತಾರೀಖು ಹಾಕಿದ ನಿರ್ಣಯ ನಡೆಯುವುದಿಲ್ಲ.

ಎರಡು: ವೀಸಾ ಯಾವ ಕೆಲಸಕ್ಕೆ ಅಂಟಿಕೊಂಡಿದೆ ನೋಡಿ

ದೇಶದಲ್ಲಿ ಇರಲು ಅನುಮತಿ ಇದೆ ಎಂದ ಮಾತ್ರಕ್ಕೆ ಯಾವ ಸೇವೆಯನ್ನಾದರೂ ಮಾಡಬಹುದು ಎಂದಲ್ಲ. ಅಮೆರಿಕವು ಧಾರ್ಮಿಕ ಕಾರ್ಯಕರ್ತರಿಗೆ ಕೊಡುವ ಆರ್-1 ವೀಸಾ, ಅರ್ಜಿ ಹಾಕಿದ ಸಂಸ್ಥೆಗೆ ಕಟ್ಟಿಬಿದ್ದಿರುತ್ತದೆ. ಹೊಸ ಸಂಸ್ಥೆ ತನ್ನ ಅರ್ಜಿಯನ್ನು ಸಲ್ಲಿಸಿ, ಮಂಜೂರಾತಿ ಬಂದ ಮೇಲೆಯೇ ಅಲ್ಲಿ ಕೆಲಸ ಶುರು ಮಾಡಬೇಕು. ಒಂದು ಸಲಕ್ಕೆ ಹೆಚ್ಚೆಂದರೆ 30 ತಿಂಗಳು, ಒಟ್ಟಾರೆ ಐದು ವರ್ಷ ಎಂಬ ಮಿತಿಯೂ ಇದೆ. ಅರ್ಜಿಗೆ ಹಿಂದಿನ ಎರಡು ವರ್ಷ ಆ ಸಂಸ್ಥೆಯ ಧಾರ್ಮಿಕ ಪಂಗಡದಲ್ಲೇ ಸದಸ್ಯರಾಗಿರಬೇಕೆಂಬ ನಿಯಮವನ್ನು ಹಲವರು ಗಮನಿಸುವುದೇ ಇಲ್ಲ. ಸೇವೆಯ ಜೊತೆಗೆ ಪಂಗಡವನ್ನೂ ಬದಲಾಯಿಸುವವರು ಇದರಲ್ಲಿ ಸಿಕ್ಕಿಬೀಳುತ್ತಾರೆ.

ಬ್ರಿಟನ್ನಿನಲ್ಲಿ ತಾತ್ಕಾಲಿಕ ಧಾರ್ಮಿಕ ಕಾರ್ಯಕರ್ತರ ವೀಸಾ ಗರಿಷ್ಠ 24 ತಿಂಗಳದ್ದು, ಅದು ಪಾಲಕರ ಕೆಲಸಕ್ಕೆ ಅಲ್ಲ. ಪಾಲಕರಿಗೆ ಬೇರೆಯದೇ ವರ್ಗವಿದೆ. ಮಕ್ಕಳ ಸೇವೆಗೆಂದು ಬಂದವರು ಭಾನುವಾರದ ಪೀಠ ಹತ್ತಿ ಸಭೆಯನ್ನು ನಡೆಸತೊಡಗಿದರೆ ಶರತ್ತು ಮುರಿದಂತೆಯೇ. ನಿಮ್ಮ ವೀಸಾಕ್ಕೆ ಪ್ರಾಯೋಜಕರಾಗಿದ್ದ ಹಳೆಯ ಸಂಸ್ಥೆಯ ಕೆಲಸವನ್ನು ನೀವು ಬಿಟ್ಟ ವಿಷಯ ಸರ್ಕಾರಕ್ಕೆ ತಿಳಿದರೆ ಉಳಿದ ಅವಧಿಯನ್ನು ಸಾಮಾನ್ಯವಾಗಿ 60 ದಿನಗಳಿಗೆ ಮೊಟಕುಗೊಳಿಸುತ್ತಾರೆ. ಆದ್ದರಿಂದ ಹೊಸ ಕಾಗದ ಸಿದ್ಧವಾಗುವ ಮುನ್ನ ರಾಜೀನಾಮೆಯ ದಿನಾಂಕವನ್ನು ಯಾರಿಗೂ ಕೊಡಬೇಡಿ.

"ಸ್ವಯಂಸೇವೆ ಎಂದು ಬರೆದುಬಿಡಿ, ಯಾರೂ ಕೇಳುವುದಿಲ್ಲ" ಎನ್ನುವ ವೀಸಾ ಏಜೆಂಟರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರ ಬಾಗಿಲಿಗೆ ಹೋಗಲೇಬೇಡಿ. ವಲಸೆ ವಕೀಲರ ಶುಲ್ಕ ದುಬಾರಿ ನಿಜ; ಆದರೆ ಸುಳ್ಳು ಬರೆದು ಸುವಾರ್ತೆ ಸಾರಲು ಹೊರಟವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ.

ಮೂರು: ಸಭೆಯ ಒಳಗಿನ ಅನುಮತಿ

ಕಥೋಲಿಕ ಗುರುಗಳು ತಮ್ಮ ಧರ್ಮಪ್ರಾಂತ್ಯದ ಬಿಷಪ್ಪರ ಒಪ್ಪಿಗೆಯಿಲ್ಲದೆ ಬೇರೆಡೆಗೆ ಸೇರಿಕೊಳ್ಳುವಂತಿಲ್ಲ. ಕ್ರಮವಾಗಿ ಬೇರೆ ಧರ್ಮಪ್ರಾಂತ್ಯಕ್ಕೆ ಹೋಗಿ ಐದು ವರ್ಷ ಕಳೆದವರು ಅಲ್ಲಿಯೇ ಸೇರುವ ಇಚ್ಛೆಯನ್ನು ಇಬ್ಬರು ಬಿಷಪ್ಪರಿಗೂ ಬರೆದು ತಿಳಿಸಿ, ನಾಲ್ಕು ತಿಂಗಳಲ್ಲಿ ಇಬ್ಬರಲ್ಲಿ ಯಾರೊಬ್ಬರೂ ಲಿಖಿತವಾಗಿ ಆಕ್ಷೇಪಿಸದಿದ್ದರೆ, ಕಾನೂನಿನ ಬಲದಿಂದಲೇ ಸೇರ್ಪಡೆಯಾಗುತ್ತದೆ ಎನ್ನುತ್ತದೆ ಧರ್ಮಸಭೆಯ ಕಾನೂನಿನ 268ನೆಯ ಕಲಂ. ಹೊರದೇಶದಲ್ಲಿ ದೀಕ್ಷೆ ಪಡೆದ ಆಂಗ್ಲಿಕನ್ ಪಾದ್ರಿಗಳು ಇಂಗ್ಲೆಂಡ್ ಚರ್ಚಿನಲ್ಲಿ ಸೇವೆ ಮಾಡಲು 1967ರ ಶಾಸನದಂತೆ ಆರ್ಚ್‌ಬಿಷಪ್ಪರ ಅನುಮತಿ ಪಡೆಯಬೇಕು. ಬಿಷಪ್ಪರಿಲ್ಲದ ಸ್ವತಂತ್ರ ಸಭೆಗಳವರು ಇದೆಲ್ಲ ನಮಗಲ್ಲ ಎಂದು ಸುಮ್ಮನಾಗುತ್ತಾರೆ. ಆದರೆ ಆದಿಸಭೆಯ ಬೋಧಕ ಅಪೊಲ್ಲೋಸನು ಎಫೆಸದಿಂದ ಅಖಾಯಕ್ಕೆ ಹೊರಟಾಗ ಅವನನ್ನು ಸೇರಿಸಿಕೊಳ್ಳಿರೆಂದು ಸಹೋದರರು ಪತ್ರ ಬರೆದುಕೊಟ್ಟದ್ದು ಸತ್ಯವೇದದ ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲೇ ಇದೆ. ನೀವೂ ಪತ್ರ ಪಡೆಯಿರಿ. ಮಕ್ಕಳೊಂದಿಗೆ ಕೆಲಸವಿದ್ದರೆ ನೀವು ವಾಸವಿದ್ದ ದೇಶಗಳ ಪೊಲೀಸ್ ಪ್ರಮಾಣಪತ್ರವನ್ನು ಕೇಳುವ ಸಂಭವವಿದೆ. ಅದು ಬರುವುದು ನಿಧಾನ, ಈಗಲೇ ಅರ್ಜಿ ಹಾಕಿ.

ನಾಲ್ಕು: ಹಳೆಯ ಸೇವೆಯನ್ನು ಒಪ್ಪಿಸಿಕೊಡುವುದು

ಇಡೀ ಲೇಖನ ಬರೆದದ್ದೇ ಈ ಹಂತಕ್ಕಾಗಿ. ಬೀಗದ ಕೈ, ಬ್ಯಾಂಕ್ ಖಾತೆ, ಪಾಸ್‌ವರ್ಡ್ ಒಪ್ಪಿಸಿದವರೆಲ್ಲ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಒಪ್ಪಿಸಬೇಕಾದದ್ದು ಜನರನ್ನು.

ಮೊದಲು ತಿಳಿಸುವ ಕ್ರಮ. ನಿಮ್ಮ ಮೇಲಿನವರಿಗೆ, ಆಮೇಲೆ ನಿಮ್ಮೊಂದಿಗೆ ದುಡಿದ ಸ್ಥಳೀಯರಿಗೆ, ಆಮೇಲೆ ಇಡೀ ಸಭೆಗೆ, ಕೊನೆಗೆ ಸ್ವದೇಶದ ಬೆಂಬಲಿಗರಿಗೆ. ಈ ಕ್ರಮ ತಲೆಕೆಳಗಾಗುವುದು ನಿತ್ಯದ ಸಂಗತಿ: ಪ್ರಾರ್ಥನಾ ಪತ್ರ ಊರಿಗೆ ಹೋಗುತ್ತದೆ, ಯಾರೋ ಅದನ್ನು ಮುಂದಕ್ಕೆ ಕಳುಹಿಸುತ್ತಾರೆ, ನಿಮಗೆ ಅಷ್ಟು ವರ್ಷ ಭಾಷಾಂತರ ಮಾಡಿದ ಸ್ಥಳೀಯ ಸಹೋದರಿ ಸುದ್ದಿಯನ್ನು ಮೊಬೈಲಿನಲ್ಲಿ ಓದುತ್ತಾಳೆ. ಆ ಗಾಯ ಮಾಯಲು ಬಹಳ ಕಾಲ ಬೇಕು.

ಎರಡನೆಯದು, ನಿಮ್ಮ ಆರೈಕೆಯಲ್ಲಿರುವವರ ಪಟ್ಟಿ. ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿರುವವರು, ಮದುವೆ ಮುರಿಯುವ ಅಂಚಿನಲ್ಲಿರುವವರು, ಹಾಸಿಗೆ ಹಿಡಿದವರು, ನಿಮ್ಮೊಬ್ಬರ ಹತ್ತಿರ ಮಾತ್ರ ಬಾಯಿಬಿಡುವವರು. ಒಬ್ಬೊಬ್ಬರ ಮನೆಗೂ ನಿಮ್ಮ ಜಾಗಕ್ಕೆ ಬರುವ ಹೊಸಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲ ಭೇಟಿಯಲ್ಲಿ ನೀವು ಪ್ರಾರ್ಥಿಸಿ, ಎರಡನೆಯದರಲ್ಲಿ ಅವರು ಪ್ರಾರ್ಥಿಸಲಿ, ಮೂರನೆಯದಕ್ಕೆ ನೀವು ಹೋಗಬೇಡಿ. ಗುಟ್ಟಾಗಿ ಹೇಳಿಕೊಂಡದ್ದನ್ನು ಟಿಪ್ಪಣಿ ಮಾಡಿ ಹೊಸಬರ ಕೈಗೆ ಕೊಡುವುದು ದ್ರೋಹ. "ಇದನ್ನು ಅವರಿಗೆ ತಿಳಿಸಲೇ?" ಎಂದು ಕೇಳಿ, ಬೇಡವೆಂದರೆ ಅಲ್ಲಿಗೇ ಬಿಡಿ. ಮಗುವಿಗೋ ಮತ್ತೊಬ್ಬರಿಗೋ ಅಪಾಯವಿರುವ ಸಂಗತಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ, ಅದನ್ನು ಸಂಬಂಧಪಟ್ಟವರಿಗೆ ತಿಳಿಸಲೇಬೇಕು.

ಮೂರನೆಯದು, ಮುಗಿಯದ ಜಗಳಗಳು. ಪರದೇಶದ ಕುಟುಂಬಗಳ ನಡುವೆ ಬದುಕು ಕಳೆದ ಡೇವಿಡ್ ಪೊಲಾಕ್ ಅವರು ಸ್ಥಳ ಬಿಡುವವರಿಗೆ ನಾಲ್ಕು ಕೆಲಸ ಹೇಳಿದ್ದರು: ರಾಜಿ, ಮೆಚ್ಚುಗೆಯ ಮಾತು, ವಿದಾಯ, ಮುಂದಿನದರ ಯೋಚನೆ. ರಾಜಿಯನ್ನು ಮೊದಲಿಗೆ ಇಟ್ಟದ್ದು ಸುಮ್ಮನೆ ಅಲ್ಲ. ಒಂದೇ ಊರಿನಲ್ಲಿ ಉಳಿಯುವವರು ಇದನ್ನು ಮುಂದೂಡುತ್ತಲೇ ಹೋಗುತ್ತಾರೆ, ಹೇಗೂ ಇಲ್ಲೇ ಇರುತ್ತೇನಲ್ಲ ಎಂದು. ಆಮೇಲೆ ಜಗಳವಾಡಿದ್ದ ಅದೇ ಮನುಷ್ಯ ಹೊಸ ಸಭೆಯ ಸಮಿತಿಯಲ್ಲಿ ಎದುರಿಗೆ ಕುಳಿತಿರುತ್ತಾನೆ.

ನಾಲ್ಕನೆಯದು ವಿದಾಯ. ಎಫೆಸದಲ್ಲಿ ಮೂರು ವರ್ಷ ದುಡಿದ ಅಪೊಸ್ತಲ ಪೌಲನು ಮಿಲೇತಕ್ಕೆ ಅಲ್ಲಿಯ ಹಿರಿಯರನ್ನು ಕರೆಸಿ ಮಾಡಿದ್ದನ್ನು ಗಮನಿಸಿ ಓದಿ. ತಾನು ಏನು ಮಾಡಿದೆನೆಂದು ನೆನಪಿಸಿದನು. ಮುಂದೆ ಬರುವ ಅಪಾಯವನ್ನು ಮುಚ್ಚಿಡದೆ ಹೇಳಿದನು. ಯಾರ ಬೆಳ್ಳಿ ಬಂಗಾರಕ್ಕೂ ಆಸೆಪಡಲಿಲ್ಲವೆಂದು ಹಣದ ಲೆಕ್ಕ ಒಪ್ಪಿಸಿದನು. ನನ್ನ ಮುಖವನ್ನು ಇನ್ನು ಕಾಣುವುದಿಲ್ಲ ಎಂದನು. ಮೊಣಕಾಲೂರಿ ಪ್ರಾರ್ಥಿಸಿದರು, ಎಲ್ಲರೂ ಅತ್ತರು. "ಆಗಾಗ ಬರುತ್ತಿರುತ್ತೇನೆ" ಎಂಬ ಹಾರಿಕೆಯ ಮಾತು ಅಲ್ಲಿಲ್ಲ. ವಿದಾಯ ಸ್ಥಳೀಯರ ರೀತಿಯಲ್ಲಿ, ಅವರ ಭಾಷೆಯಲ್ಲಿ ನಡೆಯಲಿ. ನಿಮಗೆ ಅದು ಉದ್ದವೆನ್ನಿಸಿದರೂ ಕುಳಿತಿರಿ.

ಐದನೆಯದು ಎಲ್ಲಕ್ಕಿಂತ ಕಷ್ಟದ್ದು: ಬಿಟ್ಟ ಮೇಲೆ ಬಿಟ್ಟಿರುವುದು. ಮದುವೆ ನಡೆಸಿಕೊಡಿ, ಶವಸಂಸ್ಕಾರಕ್ಕೆ ಬನ್ನಿ, ಹೊಸ ಪಾಲಕರಿಗೆ ನಮ್ಮ ಕಷ್ಟ ತಿಳಿಯುವುದಿಲ್ಲ ಎಂದು ಫೋನ್ ಬರುತ್ತದೆ, ಕೇಳಲು ಹಿತವಾಗಿಯೂ ಇರುತ್ತದೆ. ಹೊಸಬರೇ ಆಹ್ವಾನಿಸದ ಹೊರತು ಹೋಗಬೇಡಿ. ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಬನ್ನಿ; ಮೌನವಾಗಿ ಇರುತ್ತೇನೆಂದು ಉಳಿದವರಲ್ಲಿ ಮೌನವಾಗಿದ್ದವರನ್ನು ನಾನು ಕಂಡಿಲ್ಲ. ಕನಿಷ್ಠ ಒಂದು ವರ್ಷ ಆ ಸಭೆಯ ಆರಾಧನೆಗೆ ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಇದು ಕಟುವೆಂದು ಸಂಗಾತಿಯೂ ಮಕ್ಕಳೂ ಹೇಳಬಹುದು. ಮಕ್ಕಳ ಸ್ನೇಹಿತರು ಮನೆಗೆ ಬರಲಿ, ಅದಕ್ಕೆ ಅಡ್ಡಿಯಿಲ್ಲ. ಹೊಸ ಪಾಲಕರ ಪ್ರಸಂಗ ಹೇಗಿತ್ತೆಂದು ಅವರನ್ನು ಕೇಳದಿದ್ದರಾಯಿತು.

ಹೊಸಬರು ಸಿಗುವ ಮೊದಲೇ ಹೊರಡಬೇಕಾಗಿ ಬಂದರೆ? ಪೌಲನು ತನ್ನ ಜೊತೆಗೆಲಸದ ತೀತನನ್ನು ಕ್ರೇತ ದ್ವೀಪದಲ್ಲಿ ಬಿಟ್ಟದ್ದು ಉಳಿದ ಕೆಲಸಗಳನ್ನು ಕ್ರಮಪಡಿಸಲೆಂದೇ. ಅಂಥ ಒಬ್ಬ ಸ್ಥಳೀಯ ಹಿರಿಯರ ಹೆಸರನ್ನು ಸಭೆಯ ಮುಂದೆ ಹೇಳಿ ಹೊರಡಿ. ಎರಡು ಸೇವೆಗಳನ್ನೂ ಕೆಲವು ತಿಂಗಳು ಒಟ್ಟಿಗೆ ಎಳೆಯುತ್ತೇನೆ ಎನ್ನುವ ಅಡ್ಡದಾರಿ ಬೇಡ. ಅದು ಎರಡು ದೋಣಿಗಳಲ್ಲಿ ಕಾಲಿಟ್ಟಂತೆ.

ಐದು: ಬೆಂಬಲಿಗರು ಮತ್ತು ಹಣ

ಹಳೆಯ ಸೇವೆಗೆಂದು ಕೊಟ್ಟ ಹಣ ಹೊಸದಕ್ಕೆ ತಾನಾಗಿ ಹರಿದುಬರುವುದಿಲ್ಲ, ಹರಿಸಲೂ ಕೂಡದು. ಯೆರೂಸಲೇಮಿಗೆ ಕಾಣಿಕೆ ಒಯ್ಯುವಾಗ ಯಾರೂ ತಪ್ಪು ಹೊರಿಸಬಾರದೆಂದು ಪೌಲನು ಬೇರೆಯವರನ್ನೂ ಜೊತೆಗಿಟ್ಟುಕೊಂಡನು. ಪ್ರತಿಯೊಬ್ಬ ದಾನಿಗೂ ಬರೆದು ಕೇಳಿ. ನಿಲ್ಲಿಸುತ್ತೇವೆ ಎಂದವರಿಗೂ ಅಷ್ಟೇ ಪ್ರೀತಿಯಿಂದ ಕೃತಜ್ಞತೆ ಹೇಳಿ. ಸಿದ್ಧ ಮಾದರಿಯ ಸುದ್ದಿಪತ್ರ ಕೊಡುವ ಆ್ಯಪ್‌ಗಳಿವೆ: ಸೂರ್ಯೋದಯದ ಚಿತ್ರ, ಕೆಳಗೆ "ರೋಮಾಂಚಕ ಹೊಸ ಅಧ್ಯಾಯ". ಅವುಗಳಿಗೆ ಹಣ ಸುರಿಯಬೇಡಿ. ಒಂದು ಪುಟದ ಸಾದಾ ಪತ್ರದಲ್ಲಿ ಏಕೆ ಬದಲಾಯಿಸುತ್ತಿದ್ದೀರಿ, ಎಂದಿನಿಂದ, ಇನ್ನೆಷ್ಟು ಹಣ ಬೇಕು ಎಂದು ಬರೆಯಿರಿ.

ಆರು: ಹೊಸ ಕಡೆಯ ಮೊದಲ ತಿಂಗಳುಗಳು

ಎರಡರ ನಡುವೆ ಎರಡು ವಾರವಾದರೂ ಬಿಡುವು ತೆಗೆದುಕೊಳ್ಳಿ. ಆರಾಧನೆಯ ಕ್ರಮ, ಕುರ್ಚಿಗಳ ಸಾಲು, ಗಾಯನ ತಂಡ, ಇವುಗಳಲ್ಲಿ ಯಾವುದನ್ನೂ ಮೊದಲ ಆರು ತಿಂಗಳು ಮುಟ್ಟಬೇಡಿ. "ನಮ್ಮ ಹಿಂದಿನ ಸಭೆಯಲ್ಲಿ ಹೀಗೆ ಮಾಡುತ್ತಿದ್ದೆವು" ಎಂಬ ವಾಕ್ಯ ಬಾಯಿಗೆ ಬಂದರೆ ನುಂಗಿಕೊಳ್ಳಿ. ಭಾಷೆ ಬರುತ್ತದೆಂಬ ಹೆಮ್ಮೆಯೂ ಬೇಡ: ಹುಡುಗರೊಡನೆ ಆಟದ ಮೈದಾನದಲ್ಲಿ ಆಡಿದ ಮಾತು ಸಾಯುತ್ತಿರುವವರ ಹಾಸಿಗೆಯ ಬಳಿ ಸಾಲದು. ಆ ಪದಗಳನ್ನು ಹೇಳಿಕೊಡಲು, ತಪ್ಪು ತಿದ್ದಲು ಒಬ್ಬ ವೃದ್ಧ ವಿಶ್ವಾಸಿಯನ್ನು ಗೊತ್ತುಮಾಡಿಕೊಂಡು ವಾರಕ್ಕೊಮ್ಮೆ ಹೋಗಿ ಕುಳಿತುಕೊಳ್ಳಿ. ಮೊದಲ ಪ್ರಸಂಗವನ್ನು ಪೀಠ ಹತ್ತುವ ಮುನ್ನ ಅವರಿಗೆ ಓದಿ ಹೇಳಿ.