ಇಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆ: ಕೆಲಸ ಹಂಚುವುದು, ಪಾಠ ನೋಡುವುದು ಹೇಗೆ

ಒಂದರಿಂದ ಐದನೇ ತರಗತಿವರೆಗಿನ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುವುದು ಇದನ್ನು. ಈ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಬೋಧನೆ ನಡೆಯಬೇಕು ಎಂದೂ ಅದೇ ಅನುಸೂಚಿಯಲ್ಲಿದೆ. ಅಂದರೆ ದಿನಕ್ಕೆ 4 ಗಂಟೆ. ಇಬ್ಬರು ಶಿಕ್ಷಕರ 8 ಗಂಟೆಯನ್ನು ಐದು ತರಗತಿಗೆ ಬಿಡಿಬಿಡಿಯಾಗಿ ಹಂಚಿದರೆ ಒಂದೊಂದಕ್ಕೆ ಸಿಗುವುದು 96 ನಿಮಿಷ. ಒಬ್ಬರು ರಜೆ ಹಾಕಿದ ದಿನ 48. ಉಳಿದ ಹೊತ್ತು ಮಕ್ಕಳು ಬೋರ್ಡಿನ ಮೇಲಿದ್ದದ್ದನ್ನು ನೋಡಿ ಬರೆಯುತ್ತ ಕೂರುತ್ತಾರೆ. ಮುಖ್ಯಶಿಕ್ಷಕರು, ಸಿಆರ್‌ಪಿಗಳು (ಸುತ್ತಲಿನ ಶಾಲೆಗಳಿಗೆ ಭೇಟಿ ಕೊಟ್ಟು ಮಾರ್ಗದರ್ಶನ ಮಾಡುವ ಸಮೂಹ ಸಂಪನ್ಮೂಲ ವ್ಯಕ್ತಿಗಳು) ಮೊದಲು ಲೆಕ್ಕ ಹಾಕಬೇಕಾದದ್ದು ಈ ನಿಮಿಷಗಳನ್ನು.

ಹಾಗಾಗಿ ಐದು ತರಗತಿಗೆ ಐದು ವೇಳಾಪಟ್ಟಿ ಮಾಡಬೇಡಿ, ಎರಡು ಗುಂಪು ಮಾಡಿ. 1ರಿಂದ 3 ಹೇಗೂ ನಲಿ-ಕಲಿಯಲ್ಲಿ (ಪ್ರತಿ ಮಗು ಕಾರ್ಡು ಹಿಡಿದು ತನ್ನ ವೇಗದಲ್ಲಿ ಕಲಿಯುವ ಪದ್ಧತಿ) ಒಟ್ಟಿಗೇ ಕೂರುತ್ತವೆ. 4 ಮತ್ತು 5 ಇನ್ನೊಂದು ಕೋಣೆಯಲ್ಲಿರಲಿ. ಆಗ ಪ್ರತಿ ಗುಂಪಿನ ಜೊತೆ ನಾಲ್ಕೂ ಗಂಟೆ ಒಬ್ಬ ಶಿಕ್ಷಕರಿರುತ್ತಾರೆ. 4-5ರ ಕೋಣೆಯಲ್ಲಿ 40 ನಿಮಿಷದ ಅವಧಿಯನ್ನು ಹೀಗೆ ಒಡೆಯಿರಿ: ಮೊದಲ 5 ನಿಮಿಷ ಎರಡೂ ತರಗತಿಗೆ ಒಟ್ಟಿಗೆ ಬಾಯಿಲೆಕ್ಕ ಇಲ್ಲವೇ ಓದು, ನಂತರ 15 ನಿಮಿಷ ನಾಲ್ಕನೆಯವರಿಗೆ ಪಾಠ, ಐದನೆಯವರಿಗೆ ಅಭ್ಯಾಸ, ಆಮೇಲೆ 15 ನಿಮಿಷ ಅದಲು ಬದಲು, ಕೊನೆಯ 5 ನಿಮಿಷ ಬರೆದದ್ದನ್ನು ನೋಡುವುದು. ಇದು ಕೆಡುವುದು ಸಾಮಾನ್ಯವಾಗಿ ಅಭ್ಯಾಸದ ಭಾಗದಲ್ಲಿ. ಪಾಠವಾಗದ ಲೆಕ್ಕವನ್ನೇ ಅಭ್ಯಾಸಕ್ಕೆ ಕೊಟ್ಟರೆ ಮಕ್ಕಳು ನಿಮಿಷಕ್ಕೊಮ್ಮೆ ಎದ್ದು ಬರುತ್ತಾರೆ, ಆ ಕಡೆಯ ಪಾಠವೂ ನಿಲ್ಲುತ್ತದೆ. ನಿನ್ನೆ ಕಲಿಸಿದ್ದನ್ನೇ ಇಂದು ಅಭ್ಯಾಸಕ್ಕೆ ಕೊಡಿ.

ನಲಿ-ಕಲಿ ಗುಂಪನ್ನು ಅನುಭವ ಇರುವವರಿಗೇ ಒಪ್ಪಿಸಿ. ಅತಿಥಿ ಶಿಕ್ಷಕರು ಬಂದ ಕೂಡಲೇ ಚಿಕ್ಕ ಮಕ್ಕಳನ್ನು ಅವರ ಕೈಗೆ ಕೊಟ್ಟುಬಿಡುವ ರೂಢಿ ಇದೆ. ಇದರಷ್ಟು ದುಬಾರಿ ತಪ್ಪು ಇನ್ನೊಂದಿಲ್ಲ; ಓದಲು ಬಾರದ ಮಗು ಮುಂದಿನ ಎಲ್ಲ ವಿಷಯದಲ್ಲೂ ಹಿಂದೆ ಬೀಳುತ್ತದೆ. ಕಲಿಕಾ ಏಣಿ (ಕಲಿಕೆಯ ಹಂತಗಳ ಪಟ್ಟಿ), ಕಾರ್ಡು, ತಟ್ಟೆಗಳ (ಮಕ್ಕಳು ಕೂರುವ ಗುಂಪುಗಳ) ನಡುವೆ ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ತಿಳಿಯಲು ಹೊಸಬರಿಗೆ ವಾರಗಳೇ ಬೇಕು. ಅವರಿಗೆ 4-5ರ ಒಂದೆರಡು ವಿಷಯ ಕೊಡಿ. ಮೊದಲ ಮೂರು ದಿನ ಹಳಬರ ಪಾಠದಲ್ಲಿ ಕೂತು ನೋಡಲಿ. ಅತಿಥಿ ಶಿಕ್ಷಕರ ಆದೇಶ ಬರುವುದು ತಡವಾದೀತು ಎಂದುಕೊಂಡೇ ಜೂನ್ ತಿಂಗಳ ವೇಳಾಪಟ್ಟಿ ಬೇರೆ ಮಾಡಿಟ್ಟುಕೊಳ್ಳಿ.

ರಜೆ, ತರಬೇತಿ, ಓಓಡಿ (ಬೇರೆ ಸರ್ಕಾರಿ ಕೆಲಸದ ಮೇಲೆ ಹೋಗುವುದು) ಎಲ್ಲ ಶಾಲೆಯಲ್ಲೂ ಇದ್ದದ್ದೇ. ಇಬ್ಬರನ್ನೂ ಒಂದೇ ದಿನದ ತರಬೇತಿಗೆ ಕರೆದಿದ್ದರೆ ಸಿಆರ್‌ಪಿ ಮೂಲಕ ಮೊದಲೇ ಬದಲಿಸಿಕೊಳ್ಳಿ. ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕುವಂತಿಲ್ಲ. ಅಂಥ ಪತ್ರ ಬಂದರೆ ಕಲಂ ನಮೂದಿಸಿ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಬರೆಯಿರಿ. ಒಬ್ಬರೇ ಉಳಿದ ದಿನಕ್ಕೆಂದು ಓದುವ ಪುಟಗಳು, ಜೋಡಿ ಆಟ, ಲೆಕ್ಕದ ಚೀಟಿ ಇರುವ ಒಂದು ಕಡತ ಬೀರುವಿನಲ್ಲಿ ಸಿದ್ಧವಿರಲಿ. ಬಿಸಿಯೂಟದ ಲೆಕ್ಕ, ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ದಾಖಲೆ ಇವನ್ನು ಪಾಠದ ಅವಧಿಯಲ್ಲಿ ಮಾಡಬೇಡಿ. ಮಕ್ಕಳು ಮನೆಗೆ ಹೋದ ಮೇಲಿನ ಹೊತ್ತು ಅದಕ್ಕೆ ಸಾಕು. ಸ್ಯಾಟ್ಸ್‌ನಲ್ಲಿ ಮಕ್ಕಳ ಸಂಖ್ಯೆ ಮಾತ್ರ ಸರಿಯಿರಲಿ, 60 ಮತ್ತು 61ರ ನಡುವೆ ಒಂದು ಹುದ್ದೆಯೇ ನಿಂತಿದೆ. ಹಾಗೆಂದು ವಲಸೆ ಹೋದ ಮಕ್ಕಳ ಹೆಸರನ್ನು ಉಳಿಸಿಕೊಳ್ಳಬೇಡಿ. ಬಿಸಿಯೂಟದ ಲೆಕ್ಕದಲ್ಲಿ ಅದು ಸಿಕ್ಕಿಬೀಳುತ್ತದೆ.

ಇನ್ನು ಸಿಆರ್‌ಪಿ ಶಾಲೆಗೆ ಬಂದಾಗ ಮಾಡುವ ಪಾಠ ವೀಕ್ಷಣೆ. ದಾಖಲೆ ಪುಸ್ತಕಗಳಿಗೆ ಹತ್ತು ನಿಮಿಷ ಸಾಕು, ಮಿಕ್ಕ ಹೊತ್ತೆಲ್ಲ ಕೋಣೆಯಲ್ಲಿ ಕಳೆಯಿರಿ. ಒಂದು ಇಡೀ ಅವಧಿ ಹಿಂದೆ ಕೂತು ನೋಡಿ, ನಡುವೆ ಬಾಯಿ ಹಾಕಬೇಡಿ. ಪಾಠ ಮುಗಿದ ಮೇಲೆ ಹಾಜರಿ ಪುಸ್ತಕದಿಂದ ಪ್ರತಿ ಐದನೇ ಹೆಸರು ಕರೆಯಿರಿ. ಮುಂದಿನ ಸಾಲಿನವರನ್ನೇ ಕೇಳಿದರೆ ಎಲ್ಲ ಶಾಲೆಯೂ ಚೆನ್ನಾಗಿಯೇ ಕಾಣುತ್ತದೆ. ಹಿಂದಿನ ತರಗತಿಯ ಪುಸ್ತಕದ ಒಂದು ಪ್ಯಾರಾ ಓದಿಸಿ, 52ರಲ್ಲಿ 27 ಕಳೆಯಲು ಹೇಳಿ. 35 ಎಂದು ಬರೆದ ಮಗು ಬಿಡಿಸ್ಥಾನದಲ್ಲಿ 7ರಿಂದ 2 ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬುದಷ್ಟೇ ಅದರ ತಲೆಯಲ್ಲಿ ಉಳಿದಿದೆ. ಇಂಥ ಉತ್ತರ ಮೂರ್ನಾಲ್ಕು ಮಕ್ಕಳಿಂದ ಬಂದರೆ ತಪ್ಪು ಮಕ್ಕಳದ್ದಲ್ಲ, ಹತ್ತರ ಕಟ್ಟು ಬಿಚ್ಚಿ ತೋರಿಸಿಲ್ಲ ಎಂದರ್ಥ. ಹತ್ತು ಹತ್ತು ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು, ಬಿಡಿಯಾಗಿ ಎರಡು ಕಡ್ಡಿ ಇಟ್ಟು, ಒಂದು ಕಟ್ಟನ್ನು ಮಕ್ಕಳೇ ಬಿಚ್ಚುವಂತೆ ಮಾಡಿ ಎಂದು ಶಿಕ್ಷಕರಿಗೆ ಹೇಳಿ. ಸಾಧ್ಯವಾದರೆ ಅಲ್ಲೇ ಒಮ್ಮೆ ನೀವೇ ಮಾಡಿ ತೋರಿಸಿ.

ಮಾತು ಮಕ್ಕಳ ಎದುರು ಬೇಡ. ಶಿಕ್ಷಕರ ಜೊತೆ ನೀವಿಬ್ಬರೇ ಕೂತಾಗ ಚೆನ್ನಾಗಿದ್ದ ಒಂದನ್ನು ಹೇಳಿ, ಬದಲಿಸಬೇಕಾದ ಒಂದನ್ನು ಹೇಳಿ, ಮುಂದೆ ಬರುವ ದಿನಾಂಕ ಕೊಡಿ. ಏಳೆಂಟು ಸಲಹೆ ಕೊಟ್ಟರೆ ಒಂದೂ ಜಾರಿಯಾಗದು. ಸಂದರ್ಶಕರ ಪುಸ್ತಕದಲ್ಲಿ ‘ಶಾಲೆ ಉತ್ತಮವಾಗಿ ನಡೆಯುತ್ತಿದೆ’ ಎಂದು ಬರೆದು ಹೋಗಬೇಡಿ. ‘4ನೇ ತರಗತಿಯ 5 ಮಕ್ಕಳಲ್ಲಿ 3 ಮಕ್ಕಳಿಗೆ ದಶಕ ಬಿಡಿಸಿ ಕಳೆಯಲು ಬರುತ್ತಿಲ್ಲ, ಕಡ್ಡಿ ಕಟ್ಟಿನಿಂದ ಮತ್ತೆ ಕಲಿಸುವುದು’ ಎಂದು ಬರೆಯಿರಿ. ಮುಂದಿನ ಸಲ ಬಂದಾಗ ಮೊದಲು ಅದನ್ನೇ ಕೇಳಿ.

ತಡವಾಗಿ ಬರುವ ಶಿಕ್ಷಕರ ವಿಷಯದಲ್ಲಿ ಕಾರಣ ಬೇರೆ ಬೇರೆ ಮಾಡಿ ನೋಡಿ. ಬಸ್ಸೇ ಪ್ರಾರ್ಥನೆ ಮುಗಿದ ಮೇಲೆ ಬರುವುದಾದರೆ ದಿನಾ ಬೈದು ಫಲವಿಲ್ಲ. ಎಸ್‌ಡಿಎಂಸಿಯಿಂದ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯಿಂದ) ಬಸ್ ಡಿಪೋಗೆ ಮನವಿ ಹೋಗಲಿ. ಊರಲ್ಲಿ ಬಾಡಿಗೆ ಕೋಣೆ ಸಿಗದಿರುವುದು, ಶಿಕ್ಷಕಿಯರಿಗೆ ನೀರಿರುವ ಶೌಚಾಲಯ ಇಲ್ಲದಿರುವುದು, ಇವೇ ಒಳ್ಳೆಯವರನ್ನೂ ವರ್ಗಾವಣೆ ಅರ್ಜಿಯತ್ತ ತಳ್ಳುತ್ತವೆ. ಹೊಸಬರು ಬಂದ ವಾರದಲ್ಲೇ ಇವೆರಡನ್ನೂ ವಿಚಾರಿಸಿ. ಕಾರಣವೇ ಇಲ್ಲದೆ ತಡವಾಗಿ ಬರುವವರಿಗೆ ಮೊದಲು ಬಾಯಿಮಾತು, ಆಮೇಲೆ ದಿನಾಂಕ, ಸಮಯ ಸಹಿತ ಲಿಖಿತ ನೋಟಿಸ್, ಅದಕ್ಕೂ ಬಗ್ಗದಿದ್ದರೆ ಬಿಇಒಗೆ ವರದಿ. ಸಮಯ ಬರೆದಿಡದ ದೂರು ಮೇಲೆ ಹೋದ ಕೂಡಲೇ ಬಿದ್ದುಹೋಗುತ್ತದೆ. ಶಿಕ್ಷಕರು ಬಂದರೇ, ಪಾಠ ನಡೆಯಿತೇ ಎಂದು ಪೋಷಕರು ಕೇಳಲಿ, ಅದು ಅವರ ಹಕ್ಕು. ಪಾಠದ ವಿಧಾನದ ತೀರ್ಪು ಅವರ ಮೇಲೆ ಹೊರಿಸಬೇಡಿ.

ವರ್ಗಾವಣೆಯಾದವರನ್ನು ಬಿಡುಗಡೆ ಮಾಡುವ ಮುನ್ನ ಒಂದು ಹಾಳೆ ಬರೆಸಿಕೊಳ್ಳಿ: ಪ್ರತಿ ಮಗುವಿನ ಹೆಸರು, ಓದಿನಲ್ಲಿ ಯಾವ ಹಂತ, ಲೆಕ್ಕದಲ್ಲಿ ಯಾವ ಹಂತ, ಯಾವ ಪಾಠದವರೆಗೆ ಆಗಿದೆ. ಹೊಸಬರು ಬಂದ ದಿನವೇ ಅದನ್ನು ಅವರ ಕೈಗೆ ಕೊಟ್ಟರೆ ಮೊದಲ ಪುಟದಿಂದ ಮತ್ತೆ ಶುರು ಮಾಡುವುದು ತಪ್ಪುತ್ತದೆ.