ಕ್ರೂಸ್ ಹಡಗಿನ ಶಾಪಿಂಗ್ ಉಪನ್ಯಾಸ, ಬಂದರಿನ ಅಗ್ಗದ ಮಾಲು: ನಾನು ನೋಡಿ ಕೊಳ್ಳುವ ಬಗೆ

ಕೆರಿಬಿಯನ್ ಕಡೆಗಾಗಲಿ ಅಲಾಸ್ಕಾ ಕಡೆಗಾಗಲಿ ಹೊರಡುವ ದೊಡ್ಡ ಕ್ರೂಸ್ ಹಡಗುಗಳಲ್ಲಿ, ಇಡೀ ದಿನ ಸಮುದ್ರದಲ್ಲೇ ಕಳೆಯುವ ಮೊದಲ ದಿನದಂದು ರಂಗಮಂದಿರದಲ್ಲಿ ಶಾಪಿಂಗ್ ಉಪನ್ಯಾಸವೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹೋಗಲಾಗದವರಿಗಾಗಿ ಅದನ್ನೇ ಕೋಣೆಯ ಟಿವಿಯಲ್ಲಿ ಮತ್ತೆ ಮತ್ತೆ ತೋರಿಸುತ್ತಾರೆ. ಈ ಪ್ರಯಾಣಗಳನ್ನು ಮಾಡುತ್ತ ಬಂದಿರುವ ನನ್ನನ್ನು, ಹೊಸದಾಗಿ ಹೊರಡುವ ಪರಿಚಿತರು ಕೇಳುವ ಪ್ರಶ್ನೆಗಳು ಎರಡು: ಆ ಉಪನ್ಯಾಸಕ್ಕೆ ಹೋಗುವುದರಿಂದ ಪ್ರಯೋಜನವಿದೆಯೇ, ಅಲ್ಲಿ ಹೆಸರಿಸಿದ ಅಂಗಡಿಗಳಲ್ಲಿ ಮಾಲು ನಿಜವಾಗಿಯೂ ಅಗ್ಗವೇ? ಉಪನ್ಯಾಸಕ್ಕೆ ಹೋಗಬಹುದು, ಆದರೆ ಅದು ಜಾಹೀರಾತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಕು. ಊರಿನಲ್ಲಿ ಎಷ್ಟಕ್ಕೆ ಸಿಗುತ್ತದೆಂದು ಹೊರಡುವ ಮೊದಲೇ ತಿಳಿದುಕೊಂಡ ವಸ್ತುವಿನ ವಿಷಯದಲ್ಲಿ ಮಾತ್ರ ಬಂದರಿನ ಬೆಲೆ ಅಗ್ಗವೋ ಅಲ್ಲವೋ ಎಂದು ಹೇಳಲು ಬರುತ್ತದೆ. ನಾನು ನಡೆದುಕೊಳ್ಳುವುದು ಈ ಎರಡು ಮಾತುಗಳ ಮೇಲೆಯೇ.

ಮೊದಲು ಉಪನ್ಯಾಸದ ವಿಚಾರ. ವೇದಿಕೆಯ ಮೇಲೆ ನಿಂತು ಮಾತನಾಡುವವರು ಬಂದರಿನ ಇತಿಹಾಸವನ್ನೋ ಭೂಗೋಳವನ್ನೋ ಹೇಳಲು ಬಂದವರಲ್ಲ. ಹಡಗಿನ ಕಂಪನಿಗಳು ಈ ಕೆಲಸವನ್ನು ಹೆಚ್ಚಾಗಿ ಹೊರಗಿನ ಪ್ರಚಾರ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟಿರುತ್ತವೆ. ಬಂದರಿನ ಅಂಗಡಿಗಳು ಹಣ ಕಟ್ಟಿ ಆ ಕಾರ್ಯಕ್ರಮಕ್ಕೆ ಸೇರಿರುತ್ತವೆ. ಇದೇನೂ ಗುಟ್ಟಲ್ಲ. ಪ್ರಯಾಣಿಕರಿಗೆ ಹಂಚುವ ನಕ್ಷೆಯ ಅಂಚಿನಲ್ಲಿ, ಇಲ್ಲಿ ತೋರಿಸಿದ ಅಂಗಡಿಗಳು ಪ್ರಚಾರ ಶುಲ್ಕ ಕೊಟ್ಟಿವೆ ಎಂಬ ಸಾಲು ಸಣ್ಣ ಅಕ್ಷರಗಳಲ್ಲಿ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ನಕ್ಷೆ ಕೈಗೆ ಬಂದೊಡನೆ ನಾನು ಮೊದಲು ಓದುವುದು ಆ ಸಾಲನ್ನೇ. ಅದನ್ನು ಓದಿದ ಮೇಲೆ 'ಶಿಫಾರಸು ಮಾಡಿದ ಅಂಗಡಿ' ಎಂದರೆ ಒಳ್ಳೆಯ ಅಂಗಡಿಯೆಂದು ಯಾರೋ ಪರೀಕ್ಷಿಸಿ ಆರಿಸಿದ್ದು ಎಂಬ ಭ್ರಮೆ ಉಳಿಯುವುದಿಲ್ಲ. ನಕ್ಷೆಯಲ್ಲಿ ಇಲ್ಲದ ಅಂಗಡಿಗಳು ಕೆಟ್ಟವು ಎಂಬ ಅರ್ಥವೂ ಇಲ್ಲ. ಅವು ಶುಲ್ಕ ಕಟ್ಟಿಲ್ಲ, ಅಷ್ಟೆ.

ಹಾಗಿದ್ದೂ ನಾನು ಆ ಉಪನ್ಯಾಸಕ್ಕೆ ಹೋಗುತ್ತೇನೆ, ನೋಟ್‌ಬುಕ್ ಹಿಡಿದುಕೊಂಡೇ ಹೋಗುತ್ತೇನೆ. ಹಡಗು ಯಾವ ಕಟ್ಟೆಗೆ ಬರುತ್ತದೆ, ಅಲ್ಲಿಂದ ಪೇಟೆ ನಡೆದು ಹೋಗುವಷ್ಟು ಹತ್ತಿರವೇ, ಹಡಗಿನ ಗಡಿಯಾರಕ್ಕೂ ಸ್ಥಳೀಯ ಗಡಿಯಾರಕ್ಕೂ ವ್ಯತ್ಯಾಸವಿದೆಯೇ ಎಂಬ ಉಪಯುಕ್ತ ಸಂಗತಿಗಳು ಮಾರಾಟದ ಮಾತಿನ ನಡುವೆ ಅಲ್ಲಲ್ಲಿ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಯಾವ ಸರಕನ್ನು ಹೆಚ್ಚು ಹೊಗಳುತ್ತಾರೋ ಅದರಲ್ಲಿ ಲಾಭದ ಅಂಶ ಹೆಚ್ಚಿರುತ್ತದೆ ಎಂಬ ಸೂಚನೆ ಅಲ್ಲಿಯೇ ಸಿಗುತ್ತದೆ. ಒಂದು ಗಂಟೆಯ ಮಾತಿನಲ್ಲಿ ಬಹುಪಾಲು ಸಮಯ ಹರಳು, ವಜ್ರ ಮತ್ತು ಕೈಗಡಿಯಾರಗಳಿಗೆ ಹೋಗುತ್ತದೆ. ಸ್ಥಳೀಯ ಕುಶಲಕರ್ಮಿಗಳ ಹೆಸರು ಬಂದರೂ ಕೊನೆಯ ಎರಡು ನಿಮಿಷಗಳಲ್ಲಿ ಬರುತ್ತದೆ. ಎರಡನೆಯ, ಮೂರನೆಯ ಬಂದರಿನ ಉಪನ್ಯಾಸಗಳೂ ಇದೇ ಅಚ್ಚಿನವಾದ್ದರಿಂದ ಅವುಗಳಿಗೆ ನಾನು ಹೋಗುವುದಿಲ್ಲ.

ಹೆಚ್ಚು ಜನ ಹಣ ಸುರಿಯುವುದು ಟಾಂಜನೈಟ್ ಎಂಬ ನೀಲಿ ನೇರಳೆ ಹರಳಿನ ಮೇಲೆ. ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಇದು 1967ರಲ್ಲಿ ಟಾಂಜಾನಿಯಾದ ಮೆರೆಲಾನಿ ಬೆಟ್ಟಗಳಲ್ಲಿ ಬೆಳಕಿಗೆ ಬಂದ ಹರಳು. ಟಿಫನಿ ಕಂಪನಿ 1968ರಲ್ಲಿ ಈ ಹೆಸರು ಕೊಟ್ಟು ಮಾರುಕಟ್ಟೆಗೆ ತಂದಿತು. ಇಂದಿಗೂ ವ್ಯಾಪಾರಕ್ಕೆ ಬರುವಷ್ಟು ಪ್ರಮಾಣದಲ್ಲಿ ಸಿಗುವುದು ಆ ಒಂದೇ ಪ್ರದೇಶದಲ್ಲಿ. ಈ ಮಾತು ನಿಜ. ಆದರೆ ಒಂದೇ ಕಡೆ ಸಿಗುತ್ತದೆ ಎಂಬುದರಿಂದ ಬೆಲೆ ಏರುತ್ತಲೇ ಹೋಗುತ್ತದೆ, ಇದು ಹೂಡಿಕೆ ಎಂದು ಮಾರುವವರು ಕಟ್ಟುವ ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಹೂಡಿಕೆ ಎನ್ನಿಸಿಕೊಳ್ಳಬೇಕಾದರೆ ಅದನ್ನು ಮರಳಿ ಕೊಳ್ಳುವವರು ಇರಬೇಕು. ಹರಳನ್ನು ಮಾರಿದ ಅಂಗಡಿಯಲ್ಲೇ, 'ಐದು ವರ್ಷದ ನಂತರ ತಂದರೆ ಇದನ್ನು ಎಷ್ಟಕ್ಕೆ ಕೊಳ್ಳುತ್ತೀರಿ, ಬರೆದು ಕೊಡುತ್ತೀರಾ' ಎಂದು ನಾನು ಕೇಳುವುದುಂಟು. ಬರೆದು ಕೊಟ್ಟವರನ್ನು ನಾನು ಇನ್ನೂ ಕಂಡಿಲ್ಲ.

ಇನ್ನು ಹರಳಿನ ಗುಣ. ಮೋಸ್ ಮಾಪಕದಲ್ಲಿ ವಜ್ರದ ಗಡಸುತನ 10 ಆದರೆ ಟಾಂಜನೈಟ್‌ನದು 6ರಿಂದ 7ರೊಳಗೆ. ಸಾಮಾನ್ಯ ಧೂಳಿನಲ್ಲಿರುವ ಸ್ಫಟಿಕದ ಕಣಗಳ ಗಡಸುತನವೇ 7 ಇರುವುದರಿಂದ, ದಿನವೂ ಕೈಯಲ್ಲಿರುವ ಉಂಗುರಕ್ಕೆ ಈ ಹರಳನ್ನು ಕೂರಿಸಿದರೆ ಕಾಲಕ್ರಮೇಣ ಮೈಮೇಲೆ ಗೀರುಗಳು ಏಳುತ್ತವೆ. ಪೆಟ್ಟು ಬಿದ್ದರೆ ಸೀಳುವ ಸ್ವಭಾವವೂ ಇದಕ್ಕಿದೆ. ಕಿವಿಯೋಲೆಗೋ ಪದಕಕ್ಕೋ ಇದು ಚೆನ್ನ. ಗಣಿಯಿಂದ ಹೆಚ್ಚಾಗಿ ಕಂದು ಬಣ್ಣದಲ್ಲಿ ಬರುವ ಹರಳನ್ನು ಕಾಯಿಸಿ ನೀಲಿಯಾಗಿಸುತ್ತಾರೆ. ಅದು ಆ ವ್ಯಾಪಾರದಲ್ಲಿ ಒಪ್ಪಿತವಾದ ಕ್ರಮ, ಮೋಸವಲ್ಲ. ನೋಡುವ ಕೋನ ಬದಲಾದಂತೆ ನೀಲಿ ನೇರಳೆಯಾಗುವುದೂ ಅದರ ಸಹಜ ಗುಣ. ನಾನು ಮಾಡುವುದಿಷ್ಟೆ: ಅಂಗಡಿಯ ದೀಪದ ಕೆಳಗೆ ತೋರಿಸಿದ ಉಂಗುರವನ್ನು, ಮಾರುವವರನ್ನೂ ಜೊತೆಗೆ ಕರೆದುಕೊಂಡು, ಬಾಗಿಲಿನ ಹತ್ತಿರದ ಹಗಲು ಬೆಳಕಿಗೆ ತರುತ್ತೇನೆ. ಗಾಜಿನ ಪೆಟ್ಟಿಗೆಯೊಳಗೆ ದಟ್ಟ ನೇರಳೆಯಾಗಿ ಹೊಳೆಯುತ್ತಿದ್ದ ಸಣ್ಣ ಹರಳು ಬಾಗಿಲಲ್ಲಿ ತೆಳು ನೀಲಿಯಾಗಿ, ನೀರಿನಷ್ಟು ಪೇಲವವಾಗಿ ಕಂಡದ್ದಿದೆ. ಬಣ್ಣ ದಟ್ಟವಾಗಿದ್ದಷ್ಟೂ ಬೆಲೆ ಹೆಚ್ಚು ಎಂಬ ಹರಳಿನಲ್ಲಿ ಈ ವ್ಯತ್ಯಾಸವೇ ಬೆಲೆಯ ವ್ಯತ್ಯಾಸ. ಬಾಗಿಲಿಗೆ ತರಲು ಒಪ್ಪದ ಅಂಗಡಿಯಲ್ಲಿ ನಾನು ಮುಂದಿನ ಮಾತನ್ನೇ ಆಡುವುದಿಲ್ಲ.

ವಜ್ರದ ವಿಷಯದಲ್ಲಿ ಜಿಐಎಯಂಥ ಸ್ವತಂತ್ರ ಪ್ರಯೋಗಾಲಯದ ವರದಿ ಇದೆಯೇ ಎಂದು ಕೇಳಿ, ಆ ವರದಿಯ ಸಂಖ್ಯೆಯನ್ನು ಅಲ್ಲಿಯೇ ಫೋನಿನಲ್ಲಿ ಜಿಐಎ ಜಾಲತಾಣಕ್ಕೆ ಹಾಕಿ ನೋಡುತ್ತೇನೆ. ಅಂಗಡಿಯವರೇ ಬರೆದು ಕೊಡುವ ಮೌಲ್ಯಮಾಪನ ಪತ್ರಕ್ಕೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ. ಎರಡು ಸಾವಿರ ಡಾಲರಿಗೆ ಮಾರುವ ಒಡವೆಗೆ ನಾಲ್ಕು ಸಾವಿರ ಡಾಲರು ಬಾಳುತ್ತದೆ ಎಂದು ಮಾರುವವರೇ ಬರೆದು ಸಹಿ ಹಾಕಿದರೆ, ಅದರಿಂದ ಒಡವೆಯ ಬೆಲೆ ಏರುವುದಿಲ್ಲ. ಅದರ ಮೇಲೆ ವಿಮೆ ಮಾಡಿಸಿದರೆ ಕಂತು ಮಾತ್ರ ಏರುತ್ತದೆ.

ಉಪನ್ಯಾಸದಲ್ಲಿ ಬಹಳ ಒತ್ತು ಕೊಟ್ಟು ಹೇಳುವ ಇನ್ನೊಂದು ಸಂಗತಿ ಖಾತರಿ. ನಕ್ಷೆಯಲ್ಲಿರುವ ಅಂಗಡಿಯಲ್ಲೇ ಕೊಂಡರೆ ಹಡಗಿನವರ ಖಾತರಿ ಇದೆ ಎಂದರೆ, ಒಡವೆ ಹಿಡಿಸದಿದ್ದರೆ ಹಣ ವಾಪಸು ಬರುತ್ತದೆ ಎಂದು ಜನ ತಿಳಿಯುತ್ತಾರೆ. ಷರತ್ತುಗಳನ್ನು ಪೂರ್ತಿ ಓದಿದರೆ ತಿಳಿಯುವುದು ಬೇರೆ: ಸಾಮಾನ್ಯವಾಗಿ ಅದು ನಿಗದಿತ ದಿನಗಳೊಳಗೆ ಕಂಡುಬಂದ ದೋಷಕ್ಕೆ ದುರಸ್ತಿ ಅಥವಾ ಬದಲಿ ಕೊಡುವ ಭರವಸೆ. ಕೊಂಡ ಮೇಲೆ ಮನಸ್ಸು ಬದಲಾಯಿತು, ಬೇರೆಡೆ ಇದೇ ವಸ್ತು ಕಡಿಮೆಗೆ ಸಿಕ್ಕಿತು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ವಸ್ತುವನ್ನು ಮರಳಿ ಕಳುಹಿಸುವ ಖರ್ಚೂ ಅದರ ವಿಮೆಯೂ ಹಲವು ವೇಳೆ ಕೊಂಡವರ ತಲೆಯ ಮೇಲೆಯೇ ಬೀಳುತ್ತದೆ. ಆದ್ದರಿಂದ ನಾನು ಈ ಖಾತರಿಗಿಂತ ಕ್ರೆಡಿಟ್ ಕಾರ್ಡನ್ನು ನಂಬುತ್ತೇನೆ. ಕಾರ್ಡಿನಲ್ಲಿ ಕೊಟ್ಟರೆ, ಹೇಳಿದ ವಸ್ತು ಬಾರದಿದ್ದಾಗ ಬ್ಯಾಂಕಿನ ಮೂಲಕ ತಕರಾರು ಎತ್ತಬಹುದು. ಬಿಲ್ಲಿನ ಮೇಲೆ ಲೋಹದ ಶುದ್ಧತೆ, ಹರಳಿನ ಹೆಸರು, ಕ್ಯಾರಟ್ ತೂಕ, ಅದು ನೈಸರ್ಗಿಕವೋ ಪ್ರಯೋಗಾಲಯದ್ದೋ ಎಂಬುದನ್ನೆಲ್ಲ ಬರೆಸಿಕೊಳ್ಳುವುದು ಇದಕ್ಕಾಗಿಯೇ. 'ಒಂದು ಉಂಗುರ' ಎಂದಷ್ಟೇ ಇರುವ ಬಿಲ್ಲಿನಿಂದ ತಕರಾರು ನಡೆಯುವುದಿಲ್ಲ.

ಉಚಿತ ಪದಕ, ಉಚಿತ ಬಳೆ ಎಂದು ಹಂಚುವ ಕೂಪನ್‌ಗಳು ಅಂಗಡಿಯೊಳಕ್ಕೆ ಕರೆಯುವ ಉಪಾಯವೆಂಬುದು ಎಲ್ಲರಿಗೂ ಗೊತ್ತಿದೆ. ಮಕ್ಕಳಿಗೆ ಅವು ಖುಷಿ ಕೊಡುತ್ತವೆ, ಬೇಕಾದವರು ತೆಗೆದುಕೊಳ್ಳಲಿ. ಆದರೆ ಬಂದರಿನಲ್ಲಿ ಸಿಗುವ ಆರು ಗಂಟೆಗಳಲ್ಲಿ ಎರಡು ಗಂಟೆ ಅದಕ್ಕೇ ಹೋದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಬೆಲೆ ತಿಳಿದಿರುವ ಸರಕುಗಳಲ್ಲಿ ಲೆಕ್ಕ ಸುಲಭ. ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ಕೆರಿಬಿಯನ್ ಪ್ರಯಾಣದಲ್ಲಿ ನಾನು ಮದ್ಯ ಮತ್ತು ಸುಗಂಧದ್ರವ್ಯಗಳ ಬೆಲೆಯನ್ನು ಹೊರಡುವ ಮೊದಲೇ ಬರೆದುಕೊಳ್ಳುತ್ತೇನೆ. ಊರಿನಲ್ಲಿ ನೋಡಿದ ಬಾಟಲಿ 750 ಮಿಲಿಲೀಟರಿನದು, ಬಂದರಿನದು ಒಂದು ಲೀಟರಿನದು; ಇದನ್ನು ಸರಿತೂಗಿಸದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಸೇಂಟ್ ಥಾಮಸ್ ದ್ವೀಪದ ಷಾರ್ಲೆಟ್ ಅಮಾಲಿಯ ಪೇಟೆಯಲ್ಲಿ ಮದ್ಯ ನಿಜವಾಗಿಯೂ ಅಗ್ಗವೆಂದು ನನ್ನ ಪಟ್ಟಿ ಹೇಳುತ್ತದೆ. ಸುಗಂಧದ್ರವ್ಯದಲ್ಲಿ ಮಾತ್ರ ಊರಿನ ರಿಯಾಯಿತಿ ದಿನಗಳ ಬೆಲೆಗಿಂತ ಕಡಿಮೆ ಸಿಕ್ಕದ್ದು ಅಪರೂಪ. ಬಂದರಿನಲ್ಲಿ ಕೊಂಡ ಮದ್ಯವನ್ನು ಹಡಗು ಹತ್ತುವಾಗ ತೆಗೆದಿರಿಸಿಕೊಂಡು ಪ್ರಯಾಣ ಮುಗಿಯುವ ಹೊತ್ತಿಗೆ ಮರಳಿ ಕೊಡುತ್ತಾರೆ. ಅಲ್ಲಿಂದ ವಿಮಾನದಲ್ಲಿ ಹೋಗುವವರು ಬಾಟಲಿಗಳನ್ನು ಚೆಕ್‌ಇನ್ ಸಾಮಾನಿನಲ್ಲಿಡಬೇಕು, ಮತ್ತು ಶೇಕಡಾ 70ಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವ ಕಡು ರಮ್ಮನ್ನು ವಿಮಾನಕ್ಕೆ ಸೇರಿಸುವುದೇ ಇಲ್ಲ ಎಂಬುದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಸುಂಕದ ಮಾತೂ ಇಲ್ಲಿಯೇ ಬರಬೇಕು. ಬಂದರಿನ ಅಂಗಡಿ ಸುಂಕ ಕಟ್ಟದೆ ಮಾಲು ತಂದಿದ್ದರೆ, ಅದು ಆ ಅಂಗಡಿಗೂ ಆ ದ್ವೀಪದ ಸರ್ಕಾರಕ್ಕೂ ಸಂಬಂಧಿಸಿದ ವಿಷಯ. ನಾವು ಮರಳುವ ದೇಶದ ಕಸ್ಟಮ್ಸ್ ಎದುರು ಅದರಿಂದ ವಿನಾಯಿತಿ ಸಿಗುವುದಿಲ್ಲ. ಅಮೆರಿಕದ ನಿವಾಸಿಗಳಿಗೆ ಸಾಮಾನ್ಯ ಮಿತಿ ತಲೆಗೆ 800 ಡಾಲರು. ಸೇಂಟ್ ಥಾಮಸ್ ಸೇರಿರುವ ಅಮೆರಿಕದ ವರ್ಜಿನ್ ದ್ವೀಪಗಳಿಂದ ಮರಳುವವರಿಗೆ 1,600 ಡಾಲರು. ಕ್ಯೂಬಾದ ಚುಟ್ಟಗಳನ್ನು ಮೆಕ್ಸಿಕೋದ ಕೊಝುಮೆಲ್ ದ್ವೀಪದಲ್ಲಿ ರಾಜಾರೋಷವಾಗಿ ಮಾರುತ್ತಾರೆ, ಆದರೆ 2020ರ ಸೆಪ್ಟೆಂಬರ್‌ನಿಂದ ಅಮೆರಿಕದೊಳಕ್ಕೆ ಸ್ವಂತ ಬಳಕೆಗೂ ತರುವಂತಿಲ್ಲ. ಆಮೆ ಚಿಪ್ಪಿನ ಸಾಮಾನನ್ನಂತೂ ಮುಟ್ಟಲೇಬಾರದು. ಕಾನೂನಿಗಿಂತ ಮೊದಲು ಆ ಜೀವದ ಮೇಲಿನ ಕಾಳಜಿಯಿಂದ ಈ ಮಾತು ಹೇಳುತ್ತಿದ್ದೇನೆ.

ಕೊಝುಮೆಲ್‌ನಲ್ಲಿ ದೊಡ್ಡ ಬಾಟಲಿಗಳಲ್ಲಿ ಬಹಳ ಕಡಿಮೆಗೆ ಸಿಗುವ ವೆನಿಲ್ಲಾ ಸಾರ ಇನ್ನೊಂದು ಆಕರ್ಷಣೆ. ಅದರಲ್ಲಿ ಕೆಲವು, ವೆನಿಲ್ಲಾದಂತೆಯೇ ಘಮಿಸುವ ಟೊಂಕಾ ಬೀಜದಿಂದ ಮಾಡಿದಂಥವು. ಟೊಂಕಾದಲ್ಲಿರುವ ಕೌಮರಿನ್ ಅಂಶವನ್ನು ಅಮೆರಿಕ 1954ರಲ್ಲೇ ಆಹಾರದಲ್ಲಿ ನಿಷೇಧಿಸಿದೆ. ಹಾಗಾಗಿ ಲೇಬಲ್ಲಿನ ಮೇಲೆ ವೆನಿಲ್ಲಾ ಕೋಡಿನ ಹೆಸರೂ ಪದಾರ್ಥಗಳ ಪಟ್ಟಿಯೂ ಸ್ಪಷ್ಟವಾಗಿರದಿದ್ದರೆ ನಾನು ಕೊಳ್ಳುವುದಿಲ್ಲ. ಮೆಕ್ಸಿಕೋದ ಬೆಳ್ಳಿಯಲ್ಲಿ, ಶೇಕಡಾ 92.5 ಬೆಳ್ಳಿ ಇದೆ ಎಂದು ಹೇಳುವ 925 ಮುದ್ರೆಯನ್ನು ನೋಡುತ್ತೇನೆ. ಅಲ್ಪಾಕಾ ಎಂದು ಮಾರುವ ಹೊಳೆಯುವ ಲೋಹದಲ್ಲಿ ಬೆಳ್ಳಿಯೇ ಇರುವುದಿಲ್ಲ. ಇಲ್ಲಿ ಚೌಕಾಸಿ ನಡೆಯುತ್ತದೆ, ಕಟ್ಟೆಯಿಂದ ನಾಲ್ಕು ಬೀದಿ ಒಳಗೆ ನಡೆದರೆ ಹೇಳುವ ಬೆಲೆಯೇ ಇಳಿಯುತ್ತದೆ.

ಅಲಾಸ್ಕಾದಲ್ಲಿ ನನಗೆ ಹೆಚ್ಚು ನೋವು ಕೊಡುವುದು ಕೆತ್ತನೆಯ ಸಾಮಾನು. ಕೆಚಿಕಾನ್, ಜೂನೋ, ಸ್ಕ್ಯಾಗ್ವೇ ಕಟ್ಟೆಗಳ ಎದುರಿಗಿರುವ ಒಡವೆ ಅಂಗಡಿಗಳಲ್ಲಿ ಅನೇಕವು ಬೇಸಗೆಯಲ್ಲಿ ಮಾತ್ರ ತೆರೆದು, ಹಡಗುಗಳು ಬರುವುದು ನಿಂತೊಡನೆ ಬಾಗಿಲು ಹಾಕುತ್ತವೆ. ಅವುಗಳ ನಡುವೆ ಟೋಟೆಮ್ ಎಂಬ ಕೆತ್ತನೆಯ ಮರದ ಕಂಬದ ಕಿರುಪ್ರತಿಗಳು ಬೇರೆಲ್ಲಿಯೋ ಯಂತ್ರದಲ್ಲಿ ತಯಾರಾಗಿ ಬಂದು, ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಅಥವಾ ಹೈಡಾ ಕಲಾವಿದರ ಕೈಕೆಲಸದ ಪಕ್ಕದಲ್ಲೇ ಕೂತಿರುತ್ತವೆ. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಮಾರುವುದು ಅಮೆರಿಕದಲ್ಲಿ 1990ರ ಕಾಯ್ದೆಯ ಪ್ರಕಾರ ಅಪರಾಧ. ಅಲಾಸ್ಕಾ ರಾಜ್ಯದ ಸಿಲ್ವರ್ ಹ್ಯಾಂಡ್ ಮುದ್ರೆ ಇದ್ದರೆ ಅದು ಅಲ್ಲಿನ ಮೂಲನಿವಾಸಿ ಕಲಾವಿದರೇ ಮಾಡಿದ್ದು. ಹಿಮಕರಡಿಯ ಚಿತ್ರವಿರುವ 'ಮೇಡ್ ಇನ್ ಅಲಾಸ್ಕಾ' ಮುದ್ರೆ ಅದು ಆ ರಾಜ್ಯದಲ್ಲಿ ತಯಾರಾದದ್ದು ಎಂದಷ್ಟೇ ಹೇಳುತ್ತದೆ. ಮುದ್ರೆ ಇಲ್ಲದಿದ್ದರೆ ಮಾಡಿದವರ ಹೆಸರು, ಊರು, ಯಾವ ಮರ ಎಂದು ಕೇಳುತ್ತೇನೆ. ಕೆತ್ತಿದವರಿಂದ ನೇರವಾಗಿ ತಂದ ಅಂಗಡಿಯವರು ಈ ಪ್ರಶ್ನೆಗೆ ಮುಖ ಅರಳಿಸಿ ಮಾತಿಗೆ ಕೂರುತ್ತಾರೆ, ಹಲವರು ಕಲಾವಿದರ ಪರಿಚಯದ ಹಾಳೆಯನ್ನೂ ಕೊಡುತ್ತಾರೆ. ಅಂಥ ಕಡೆ ನಾನು ಚೌಕಾಸಿ ಮಾಡುವುದಿಲ್ಲ. ಹಂಗಾಮಿನ ಕೊನೆಯಲ್ಲಿ, ಸೆಪ್ಟೆಂಬರ್ ಹೊತ್ತಿಗೆ, ಕಟ್ಟೆಯ ಅಂಗಡಿಗಳು ಜಾಕೆಟ್ಟು, ಸ್ವೆಟರುಗಳ ಬೆಲೆಯನ್ನು ನಿಜವಾಗಿಯೇ ಇಳಿಸುತ್ತವೆ. ಬೆಚ್ಚನೆಯ ಬಟ್ಟೆ ಬೇಕಾದವರು ಆ ದಿನಗಳಲ್ಲಿ ಹೋಗಿದ್ದರೆ, ಪಟ್ಟಿಯಲ್ಲಿ ಊರಿನ ಬೆಲೆಯನ್ನು ಬರೆದುಕೊಂಡಿದ್ದರೆ, ಧೈರ್ಯವಾಗಿ ಕೊಳ್ಳಬಹುದು.