ಮೂರನೇ ಸಲಕ್ಕೆ ಸಿಕ್ಕ ಎತ್ತಿಪೋತ

ಜಲಪಾತ ನೋಡಬೇಕಾದರೆ ರಾತ್ರಿ ಬಸ್ ಹತ್ತಿ ಜೋಗಕ್ಕೋ ಗೋಕಾಕಕ್ಕೋ ಹೋಗಬೇಕು ಅಂತ ಕಲಬುರಗಿಯ ಎಲ್ಲರ ಹಾಗೆ ನಾನೂ ನಂಬಿದ್ದೆ. ನಮ್ಮದು ಬಿಸಿಲನಾಡು. ಇಲ್ಲಿ ಮೇಲಿಂದ ನೀರು ಬೀಳುವುದು ನಲ್ಲಿಯಲ್ಲಿ ಮಾತ್ರ, ಅದೂ ನೀರು ಬಿಟ್ಟ ದಿನ ಉಂಟು. ಚಿಂಚೋಳಿ ಕಾಡಿನಲ್ಲಿ ಎತ್ತಿಪೋತ ಅಂತ ಒಂದು ಸಣ್ಣ ಜಲಪಾತ ಇದೆ ಎಂದು ಗೆಳೆಯನೊಬ್ಬ ಹೇಳಿದಾಗ ಅರ್ಧ ನಂಬಿದೆ, ಅರ್ಧ ಬಿಟ್ಟೆ.

ಹೆಸರಿನಲ್ಲೇ ಒಂದು ಎಡವಟ್ಟು ಇದೆ. ಫೋನಿನಲ್ಲಿ ಹುಡುಕಿದರೆ ಆಂಧ್ರದ ಎತ್ತಿಪೋತಲ ಬಂದು ಕೂರುತ್ತದೆ. ಅದು ನಾಗಾರ್ಜುನಸಾಗರದ ಹತ್ತಿರ ಇರುವುದು, 70 ಅಡಿಯದು. ಗೆಳೆಯ ಅದರ ಫೋಟೊ ನೋಡಿಯೇ ಕುಣಿದಿದ್ದ ಅಂತ ಆಮೇಲೆ ಗೊತ್ತಾಯಿತು. ತೆಲುಗಿನಲ್ಲಿ ಎತ್ತಿಪೋತ ಅಂದರೆ ಎತ್ತಿ ಸುರಿಯುವುದು. ಚಿಂಚೋಳಿ ತಾಲ್ಲೂಕು ತೆಲಂಗಾಣಕ್ಕೆ ಅಂಟಿಕೊಂಡಿದೆ. ಅಲ್ಲಿ ಒಂದೇ ಚಹಾದಂಗಡಿಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕೂ ಕಿವಿಗೆ ಬೀಳುತ್ತವೆ. ಹಾಗಾಗಿ ನಮ್ಮ ಜಲಪಾತಕ್ಕೂ ತೆಲುಗು ಹೆಸರೇ.

ಮೊದಲ ಸಲ ಜುಲೈನಲ್ಲಿ ಬೈಕ್ ಮೇಲೆ ಹೋದೆವು. ಕಲಬುರಗಿಯಿಂದ ಚಿಂಚೋಳಿಗೆ 80-90 ಕಿಲೋಮೀಟರ್. ದಾರಿಯುದ್ದಕ್ಕೂ ತೊಗರಿ, ಹೆಸರು, ಉದ್ದು. ಮಳೆಗಾಲ ಶುರುವಾಗಿ ತಿಂಗಳಾಗಿದೆ, ನೀರು ಇದ್ದೇ ಇರುತ್ತದೆ ಅಂತ ನಮ್ಮ ಲೆಕ್ಕ. ಹೋಗಿ ನೋಡಿದರೆ ಬಂಡೆಯ ಮೇಲೆ ಒಂದು ಒದ್ದೆ ಗೆರೆ, ಕೆಳಗೆ ಹಸಿರುಗಟ್ಟಿದ ಹೊಂಡ, ಅದರಲ್ಲಿ ಕಪ್ಪೆಮರಿಗಳು. ಅಷ್ಟೇ. ಕುರಿ ಕಾಯುತ್ತಿದ್ದ ಅಜ್ಜ ನಮ್ಮನ್ನು ನೋಡಿ ನಕ್ಕರು.

"ನೀರ್ ನೋಡ್ಲಾಕ ಬಂದೀರೇನ್ರಿ? ಮಳಿ ಹೋಗಿ ಎಂಟ್ ದಿನ ಆಯ್ತು. ಮಳಿ ಆದ್ಮ್ಯಾಲ ಬರ್ರಿ."

ಆ ದಿನ ಪುಕ್ಕಟೆ ಸಿಕ್ಕಿದ್ದು ಒಂದೇ, ಕಾಲುದಾರಿಯ ಮೇಲೆ ಓಡಾಡುತ್ತಿದ್ದ ಕೆಂಪು ಮಖಮಲ್ಲಿನಂಥ ಮಳೆಹುಳ. ಚಿಕ್ಕವರಿದ್ದಾಗ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಶಾಲೆಗೆ ಒಯ್ಯುತ್ತಿದ್ದ ಹುಳ. ಎಷ್ಟೋ ವರ್ಷದ ಮೇಲೆ ಕಂಡಿತ್ತು.

ಎರಡನೇ ಸಲ ಅಜ್ಜನ ಮಾತನ್ನು ಜಾಸ್ತಿಯೇ ಗಟ್ಟಿಯಾಗಿ ಹಿಡಿದುಬಿಟ್ಟೆ. ಆಗಸ್ಟ್‌ನಲ್ಲಿ ಒಂದು ರಾತ್ರಿಯಿಡೀ ಸುರಿಯಿತು. ಬೆಳಿಗ್ಗೆ ಆರಕ್ಕೇ ಹೊರಟೆವು. ಒಳದಾರಿಯಲ್ಲಿ ಅರ್ಧ ಕಿಲೋಮೀಟರ್ ಕಪ್ಪು ಎರೆ ಮಣ್ಣು. ಎರೆ ಮಣ್ಣಿನಲ್ಲಿ ಬೈಕ್ ಓಡಿಸಿದವರಿಗೆ ಮುಂದಿನದು ಹೇಳಬೇಕಿಲ್ಲ. ಮೊದಲು ಟಯರಿಗೆ ತೆಳ್ಳಗೆ ಹತ್ತುತ್ತದೆ. ಆಮೇಲೆ ಆ ಮಣ್ಣಿಗೇ ಮಣ್ಣು ಹತ್ತುತ್ತದೆ. ಟಯರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ತುಂಬಿ ಮುಂದಿನ ಗಾಲಿ ತಿರುಗುವುದೇ ನಿಲ್ಲುತ್ತದೆ. ಎಕ್ಸಲೇಟರ್ ಕೊಟ್ಟರೆ ಹಿಂದಿನ ಗಾಲಿ ಮಾತ್ರ ಗರಗರ ಸುತ್ತಿ ಗಾಡಿ ಅಡ್ಡಕ್ಕೆ ಜಾರುತ್ತದೆ. ಚಪ್ಪಲಿ ಒಂದೊಂದು ಕಿಲೋ ತೂಗುತ್ತದೆ. ಒಣ ತೊಗರಿ ಕಟ್ಟಿಗೆ ಮುರಿದು ಸಂದಿನಿಂದ ಮಣ್ಣು ಮೀಟುವುದು, ಹತ್ತು ಹೆಜ್ಜೆ ನೂಕುವುದು, ಮತ್ತೆ ಮೀಟುವುದು. ಮುಕ್ಕಾಲು ಗಂಟೆ ಹೋಯಿತು. ತಾಂಡಾದ ಇಬ್ಬರು ಹುಡುಗರು ಬಂದು ಕೈ ಹಚ್ಚಿದ ಮೇಲೆಯೇ ಗಾಡಿ ಗಟ್ಟಿ ನೆಲ ಮುಟ್ಟಿದ್ದು.

ಇಷ್ಟಾಗಿ ಮುಂದೆ ಹೋದರೆ ಹಳ್ಳ ಅಡ್ಡ. ಕಡಕ್ ಚಹಾದ ಬಣ್ಣದ ನೀರು, ಟೊಂಗೆ ಕಸ ಹೊತ್ತುಕೊಂಡು ಹೋಗುತ್ತಿತ್ತು. ಆಚೆ ಜಲಪಾತದ ಸಪ್ಪಳ ಜೋರಾಗಿ ಕೇಳುತ್ತಿದೆ, ದಾಟುವ ಹಾಗಿಲ್ಲ. ಗೆಳೆಯ "ಮೊಣಕಾಲುದ್ದ ಅದ, ಬಾ" ಅಂದ. ನಾನು ಒಪ್ಪಲಿಲ್ಲ. ತಳ ಕಾಣದ ನೀರಿನಲ್ಲಿ ಮೊಣಕಾಲುದ್ದ ಅಂತ ಹೇಳುವುದು ಯಾವ ಧೈರ್ಯದ ಮೇಲೆ? ನಮ್ಮ ಕಡೆಯ ಹಳ್ಳಗಳು ವರ್ಷದಲ್ಲಿ ಹತ್ತು ತಿಂಗಳು ಸುಮ್ನೆ ಮಲಗಿರುತ್ತವೆ, ಅದಕ್ಕೇ ನಮಗೆ ಅವುಗಳ ಭಯವಿಲ್ಲ. ದಂಡೆಯಲ್ಲಿ ಕೂತು ರೊಟ್ಟಿ ತಿಂದು ವಾಪಸ್ ಬಂದೆವು.

ಆಮೇಲೆ ಸ್ವಲ್ಪ ತಲೆ ಓಡಿಸಿದೆ. ಚಿಂಚೋಳಿ ಗುಡ್ಡಗಳ ತಲೆಯ ಮೇಲೆ ಇರುವುದು ಕೆಂಪು ಜಂಬಿಟ್ಟಿಗೆ ಕಲ್ಲು, ಬೀದರಿನಲ್ಲಿ ಇರುವಂಥದ್ದೇ. ಮೈತುಂಬ ತೂತು. ಮಳೆ ನೀರನ್ನು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ. ಅದರ ಕೆಳಗೆ ಕಪ್ಪು ಕಲ್ಲು, ಅದು ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹೀರಿದ ನೀರು ಎರಡರ ನಡುವಿನಿಂದ ದಿನಗಟ್ಟಲೆ ಜಿನುಗುತ್ತಾ ಹಳ್ಳಕ್ಕೆ ಇಳಿಯುತ್ತದೆ. ಬೀದರಿನ ನಾನಕ್ ಝೀರಾ, ನರಸಿಂಹ ಝರಣಿ ಎರಡೂ ಕಡೆಯ ಬುಗ್ಗೆ ನೀರು ಇಂಥ ಕಲ್ಲಿನ ಪ್ರಸಾದವೇ. ಅಂದರೆ ಮಳೆ ಬಿದ್ದ ದಿನ ಬರುವುದು ಮೇಲ್ಮೈಯಲ್ಲಿ ಹರಿದ ಕೆಸರು ನೀರು. ಅದು ಇಳಿದ ಮೇಲೆ ಬರುವುದು ಕಲ್ಲು ಸೋಸಿದ ನೀರು. ಎಂಟು ದಿನ ಬಿಟ್ಟರೆ ಅದೂ ಇಲ್ಲ. ನಡುವೆ ಎರಡು ಮೂರು ದಿನ ಮಾತ್ರ ನಮ್ಮದು.

ಹಾಗಾಗಿ ಮಳೆ ಲೆಕ್ಕ ಇಡತೊಡಗಿದೆ. ಕಲಬುರಗಿಯಲ್ಲಿ ಮಳೆಯಾದರೆ ಚಿಂಚೋಳಿಯಲ್ಲೂ ಆಗಿದೆ ಅಂತ ಅಲ್ಲ, ಅಲ್ವಾ? ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ರೈತರಿಗಾಗಿ ಮಾಡಿದ್ದು, ನನ್ನಂಥ ತಿರುಗಾಡುವವನಿಗೂ ಕೆಲಸಕ್ಕೆ ಬಂತು. ಜೊತೆಗೆ ಆ ತಾಂಡಾದ ಹುಡುಗನ ನಂಬರ್ ಇಸಿದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಮಾಪಕಕ್ಕಿಂತ ಅವನೇ ಪಕ್ಕಾ. "ಹಳ್ಳ ಇಳದದ ಅಣ್ಣಾ, ತಳದ ಕಲ್ಲು ಕಾಣ್ತಾವ, ನಾಳಿಗೇ ಬಾ" ಅಂದ.

ಮಘಾ ಮಳೆ ಬಿದ್ದ ಮೂರನೇ ದಿನ ಅದು. ಈ ಸಲ ತಮ್ಮನ ಕಾರು, ಜೊತೆಗೆ ಅವ್ವ. ಅವ್ವನಿಗೆ 64, ಮೊಣಕಾಲು ನೋವು ಬೇರೆ. ಅವಳಿಗೆ ನಡೆಯಲು ಆಗುತ್ತದೋ ಇಲ್ಲವೋ ಅನ್ನುವುದೇ ನನ್ನ ಚಿಂತೆ. ಇಲ್ಲಿನ ಕಾಡಿನ ದೊಡ್ಡ ಭಾಗ 2011ರಲ್ಲಿ ವನ್ಯಜೀವಿ ಧಾಮವಾಗಿದೆ, 134.88 ಚದರ ಕಿಲೋಮೀಟರ್. ಹಾಗಾಗಿ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಒಳಗೆ ಹೋದೆವು. ಒಲೆ ಹೂಡುವುದು, ಬೆಂಕಿ ಹಚ್ಚುವುದು ಬೇಡ ಅಂತ ಮೊದಲೇ ಹೇಳಿದರು. ನಮ್ಮ ಹತ್ತಿರ ಇದ್ದಿದ್ದು ಕಟಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಒಲೆಯ ಮಾತೇ ಇರಲಿಲ್ಲ.

ಕಾರು ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಈ ಸಲ ನನ್ನದೇ ಒಂದು ನಿಯಮ. ಮಣ್ಣು ಕಪ್ಪಿದ್ದರೆ ಡಾಂಬರು ಬಿಡಬಾರದು. ಕೆಂಪು ಮೊರಂ, ಅಂದರೆ ಗರಸು ಮಣ್ಣಿನ ನೆಲ ಬಂದ ಮೇಲೆಯೇ ಇಳಿಯಬೇಕು. ಮೊರಂ ಮಳೆಯಲ್ಲೂ ಕಾಲಿಗೆ ಅಂಟುವುದಿಲ್ಲ.

ಅಲ್ಲಿಂದ ನಡಿಗೆ. ಗಟ್ಟಿಮುಟ್ಟಾದವರಿಗೆ ಕಾಲು ಗಂಟೆ, ಅವ್ವನ ಜೊತೆ ಮುಕ್ಕಾಲು ಗಂಟೆ. ಏರು ಅಂತ ಹೇಳುವಂಥದ್ದೇನಿಲ್ಲ. ತೇಗದ ಗಿಡಗಳು, ಸೀತಾಫಲದ ಪೊದೆ, ಮುತ್ತಲ. ಸೀತಾಫಲ ಇನ್ನೂ ಗೋಲಿಗಿಂತ ಸ್ವಲ್ಪ ದೊಡ್ಡದು. ಅವ್ವ ಒಂದು ಕಡೆ ನಿಂತು ತೇಗದ ಎಳೆ ಎಲೆ ಕಿತ್ತು ಅಂಗೈಯಲ್ಲಿ ತಿಕ್ಕಿದಳು. ಎಲೆ ಹಸಿರು, ಅಂಗೈ ಕೆಂಪು. ಗೋರಂಟಿ ಹಚ್ಚಿದ ಹಾಗೆ. ನಲವತ್ತು ವರ್ಷದ ಮಗನಿಗೆ ಇದು ಗೊತ್ತಿಲ್ಲ ಅಂತ ಅವಳಿಗೆ ಒಂಥರಾ ಖುಷಿ. ಮೊಣಕಾಲು ನೋವಿನ ಮಾತು ಅಲ್ಲಿಂದ ಮುಂದೆ ಬರಲಿಲ್ಲ.

ಹೋದ ಸಲ ಹೆದರಿಸಿದ ಹಳ್ಳ ಈಗ ಪಾದ ಮುಳುಗುವಷ್ಟು. ತಳದ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು. ಪಾಚಿ ಹಿಡಿದ ಕಲ್ಲು ಬಿಟ್ಟು ಕಲ್ಲುಗಳ ನಡುವಿನ ಮರಳಿನ ಮೇಲೆ ಕಾಲಿಡಿಸುತ್ತಾ ಅವ್ವನನ್ನು ದಾಟಿಸಿದೆವು. ರಬ್ಬರ್ ಅಡಿಯ ಚಪ್ಪಲಿಗಿಂತ ಬರಿಗಾಲೇ ಗಟ್ಟಿ ನಿಲ್ಲುತ್ತದೆ. ತಮ್ಮ ಹೊಸ ಸ್ಯಾಂಡಲ್ ಹಾಕಿಕೊಂಡು ಎರಡು ಸಲ ಕೂತ.

ಜಲಪಾತ ದೊಡ್ಡದೇನಲ್ಲ. ಕಪ್ಪು ಬಂಡೆಯ ಮೆಟ್ಟಿಲುಗಳ ಮೇಲೆ ನೀರು ಹರಡಿಕೊಂಡು ಇಳಿಯುತ್ತಿತ್ತು, ಎಲ್ಲೂ ಅಬ್ಬರವಿಲ್ಲ. ಮಗ್ಗುಲಿನ ದರಿಯಲ್ಲಿ ಮೇಲೆ ಕೆಂಪು ಕಲ್ಲಿನ ಪದರ ಕಾಣುತ್ತಿತ್ತು. ಅದಕ್ಕೆ ಕೈ ಒತ್ತಿದೆ. ತೂತು ತೂತಿನಿಂದ ನೀರು ಹನಿಯಾಗಿ ಬಂದು ಬೆರಳ ಸಂದಿನಿಂದ ಮೊಣಕೈಗೆ ಇಳಿಯಿತು. ಒಂದು ಗೇಣು ಕೆಳಗೆ ಕಪ್ಪು ಕಲ್ಲು, ಮುಟ್ಟಿದರೆ ಬರೀ ತಣ್ಣಗೆ. ಮಳೆ ನಿಂತು ಮೂರು ದಿನ ಆಗಿದೆ, ಮೇಲೆ ಬಿಸಿಲು ಬಿದ್ದಿದೆ, ಕಲ್ಲು ಮಾತ್ರ ಇನ್ನೂ ಸೋರುತ್ತಿದೆ.

ಕೆಳಗಿನ ಹೊಂಡಕ್ಕೆ ಇಳಿಯಲಿಲ್ಲ. ಆಳ ಗೊತ್ತಿಲ್ಲದ ಕಡೆ ಈಜು ಬರುವವನೂ ಇಳಿಯಬಾರದು ಅನ್ನುವುದು ನನ್ನ ಹಠ, ತಮ್ಮನಿಗೆ ಅದರ ಮೇಲೆ ಸಿಟ್ಟು. ಬದಿಯ ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟೆವು. ಅವ್ವ ರೊಟ್ಟಿ ಬಿಚ್ಚಿದಳು. ಪಕ್ಕದಲ್ಲಿ ಯಾರೋ ಬಿಟ್ಟುಹೋದ ಕುರ್ಕುರೆ ಪಾಕೀಟು, ಒಡೆದ ಬಾಟಲಿ. ಬರಿಗಾಲಲ್ಲಿ ನಡೆಯುವ ಜಾಗದಲ್ಲಿ ಬಾಟಲಿ ಒಡೆಯುವವರ ತಲೆಯಲ್ಲಿ ಏನಿರುತ್ತದೋ. ರೊಟ್ಟಿ ತಂದ ಚೀಲದಲ್ಲೇ ಚೂರುಗಳನ್ನು ತುಂಬಿಕೊಂಡು ಬಂದೆವು.

"ಇಷ್ಟ ನೀರಿಗಿ ಮೂರ್ ಸಲ ಬಂದಿಯೇನು?" ಅಂದಳು ಅವ್ವ. ಹೌದು ಅಂದೆ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೀರೆ ಮೊಣಕಾಲಿಗೆ ಏರಿಸಿಕೊಂಡು, ನೀರು ಬೀಳುವ ಕಡೆಗೆ ಇನ್ನೊಂದು ಬಂಡೆ ಸರಿದು ಕೂತಳು.

ಮೂರೂವರೆಗೆ ಎದ್ದೆವು. ಕಾಡಿನಲ್ಲಿ ಹೊತ್ತು ಬೇಗ ಇಳಿಯುತ್ತದೆ. ಚಿಂಚೋಳಿಗೆ ಬಂದು ಮಿರ್ಚಿ ಭಜಿ, ಚಹಾ. ಅವ್ವ ಕೆಂಪಾದ ಅಂಗೈಯನ್ನು ಅಂಗಡಿಯವನಿಗೂ ತೋರಿಸಿದಳು. ಅವನು "ತ್ಯಾಗದ ಎಲಿ ಏನ್ರಿ?" ಅಂದ, ಎರಡು ಮಿರ್ಚಿ ಜಾಸ್ತಿ ಹಾಕಿದ.